ಹನ್ನೊಂದು ಮಂದಿ ಎಲ್ಲಿಂದ ಬರುತ್ತಾರೆ?

ಮಕ್ಕಳೇ, ನಿಮ್ಮ ಶಾಲೆಯಲ್ಲಿ ಆಟದ ಗಂಟೆ ಹೊಡೆದಾಗ ಏನಾಗುತ್ತದೆ? ಎಲ್ಲರೂ ಬಯಲಿಗೆ ಓಡುತ್ತೀರಿ. ದೊಡ್ಡ ಹುಡುಗರಿಬ್ಬರು ಎದುರುಬದುರು ನಿಲ್ಲುತ್ತಾರೆ. ಒಬ್ಬ ಒಂದು ಹೆಸರು ಕರೆಯುತ್ತಾನೆ, ಇನ್ನೊಬ್ಬ ಇನ್ನೊಂದು ಹೆಸರು ಕರೆಯುತ್ತಾನೆ. ಜೋರಾಗಿ ಓಡುವವರ ಹೆಸರು ಮೊದಲು ಬರುತ್ತದೆ. ಕೊನೆಗೆ ಗೋಡೆಯ ಹತ್ತಿರ ನಾಲ್ಕೈದು ಮಂದಿ ಉಳಿಯುತ್ತಾರೆ. ಅವರಲ್ಲಿ ಒಬ್ಬನು ತುಂಬ ಚಿಕ್ಕವನು. ಒಬ್ಬನ ಕಾಲು ನೋಯುತ್ತಿದೆ. ಉಳಿದವರು ಹುಡುಗಿಯರು. "ಚೆಂಡು ಆಚೆ ಹೋದರೆ ತಂದುಕೊಡಿ" ಎಂದು ಅವರಿಗೆ ಹೇಳಿ ಆಟ ಶುರುವಾಗುತ್ತದೆ.

ಇದೇ ಹುಡುಗರನ್ನು ಆಮೇಲೆ ಕೇಳಿ ನೋಡಿ: "ನಿಮ್ಮ ಶಾಲೆಗೆ ಒಂದು ತಂಡ ಇಲ್ಲವೇ? ಪಕ್ಕದ ಊರಿನವರ ಜೊತೆ ಪಂದ್ಯ ಆಡುವುದಿಲ್ಲವೇ?" ಅವರು ಏನು ಹೇಳುತ್ತಾರೆ ಗೊತ್ತೇ? "ನಮ್ಮದು ಸಣ್ಣ ಶಾಲೆ ಸಾರ್. ನಮ್ಮಲ್ಲಿ ಮಂದಿಯೇ ಸಾಲುವುದಿಲ್ಲ."

ಮಂದಿ ಸಾಲುವುದಿಲ್ಲವಂತೆ! ಹಾಗಾದರೆ ಗೋಡೆಯ ಹತ್ತಿರ ನಿಂತವರು ಯಾರು?

ನಾರಾಯಣಖೇಡ್, ಜಹೀರಾಬಾದ್, ತಾಂಡೂರು ಕಡೆಯ ನಮ್ಮ ಕನ್ನಡ ಮಾಧ್ಯಮದ ಶಾಲೆಗಳು ದೊಡ್ಡವಲ್ಲ. ತರಗತಿಗೆ ಹತ್ತು ಮಕ್ಕಳಿದ್ದರೆ ಅದೇ ಹೆಚ್ಚು ಎನ್ನುವ ಶಾಲೆಗಳೂ ಇವೆ. ಇದು ನಿಜ. ಆದರೆ ಸಣ್ಣ ಊರಿನಲ್ಲಿ ತಂಡ ಕಟ್ಟಲಾಗದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಎಣಿಸುವ ರೀತಿ ತಪ್ಪಿದಾಗ ಮಂದಿ ಕಡಮೆಯಾಗುತ್ತಾರೆ ಎಂದು ನನ್ನ ಅಭಿಪ್ರಾಯ. ಏಕೆ ಹೀಗೆ ಹೇಳುತ್ತೇನೆ ಎಂಬುದನ್ನು ತಿಳಿಯಲು ನೀವು ನನ್ನೊಡನೆ ಎರಡು ಊರುಗಳಿಗೆ ಬರಬೇಕು. ಒಂದು ಕರ್ನಾಟಕದ ಕೊಡಗು. ಇನ್ನೊಂದು ಹಿಮಾಲಯದ ಆಚೆಗಿರುವ ಲಡಾಖ್.

ಮೊದಲು ಕೊಡಗಿಗೆ ಹೋಗೋಣ. ನಮ್ಮ ಪಕ್ಕದ ಬೀದರ್ ಕರ್ನಾಟಕದ ಉತ್ತರದ ತುದಿಯಲ್ಲಿದೆ. ಕೊಡಗು ದಕ್ಷಿಣದಲ್ಲಿ, ಕೇರಳದ ಗಡಿಗೆ ಹತ್ತಿಕೊಂಡಿದೆ. ನಮ್ಮಲ್ಲಿ ಕಪ್ಪು ನೆಲ, ತೊಗರಿ, ಜೋಳ, ಹತ್ತಿ. ಅಲ್ಲಿ ಬೆಟ್ಟ, ಕಾಡು, ಕಾಫಿ ತೋಟ, ಭತ್ತದ ಗದ್ದೆ. ಕಾವೇರಿ ನದಿ ಹುಟ್ಟುವುದು ಅಲ್ಲಿಯೇ. ಕರ್ನಾಟಕದ ಬಹಳ ಚಿಕ್ಕ ಜಿಲ್ಲೆಗಳಲ್ಲಿ ಅದೂ ಒಂದು. ಇಂಥ ಚಿಕ್ಕ ಜಿಲ್ಲೆಯಿಂದ ಭಾರತದ ಹಾಕಿ ತಂಡಕ್ಕೆ ಹೋದವರ ಸಂಖ್ಯೆ ಮಾತ್ರ ಚಿಕ್ಕದಲ್ಲ.

ಹಾಕಿ ಎಂದರೆ ಏನೆಂದು ನಿಮಗೆ ಗೊತ್ತಿರಬಹುದು. ತುದಿ ಬಾಗಿದ ಕೋಲು, ಒಂದು ಗಟ್ಟಿ ಚೆಂಡು, ಎರಡು ಕಡೆ ಗೋಲು. ಒಂದೊಂದು ತಂಡದಲ್ಲಿ ಹನ್ನೊಂದು ಮಂದಿ. ಕೋಲಿನಿಂದ ಚೆಂಡನ್ನು ನೆಲದ ಮೇಲೆ ಉರುಳಿಸುತ್ತ, ಜೊತೆಗಾರರಿಗೆ ದಾಟಿಸುತ್ತ, ಎದುರಾಳಿಯ ಗೋಲಿಗೆ ಸೇರಿಸಬೇಕು. ಗೋಲಿ ಕಾಯುವವನನ್ನು ಬಿಟ್ಟು ಬೇರೆ ಯಾರೂ ಚೆಂಡನ್ನು ಕಾಲಿನಿಂದ ಮುಟ್ಟುವಂತಿಲ್ಲ.

ಕೊಡಗಿನಲ್ಲಿ ಸೋಮವಾರಪೇಟೆ ಎಂಬ ಒಂದು ಊರಿದೆ. ನಾರಾಯಣಖೇಡಿನ ಹಾಗೆಯೇ ಅದೂ ಸಣ್ಣ ಪಟ್ಟಣ. ಒಂದು ಪೇಟೆಬೀದಿ, ಒಂದು ಬಸ್ ನಿಲ್ದಾಣ, ಸುತ್ತಲೂ ಹಳ್ಳಿಗಳು. ಬಿ.ಪಿ. ಗೋವಿಂದ ಅವರು ಈ ಊರಿನವರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚಿನ ಪದಕ ಪಡೆದ ಭಾರತ ತಂಡದಲ್ಲಿ ಅವರಿದ್ದರು. 1975ರಲ್ಲಿ ಕೌಲಾಲಂಪುರದಲ್ಲಿ ಭಾರತ ವಿಶ್ವಕಪ್ ಗೆದ್ದಾಗಲೂ ತಂಡದಲ್ಲಿದ್ದರು. ಪುರುಷರ ಹಾಕಿಯಲ್ಲಿ ಭಾರತ ಇದುವರೆಗೆ ಗೆದ್ದಿರುವುದು ಅದೊಂದೇ ವಿಶ್ವಕಪ್. ಅದೇ ಸೋಮವಾರಪೇಟೆಯಿಂದ ಮುಂದೆ ಎಸ್.ವಿ. ಸುನಿಲ್ ಬಂದರು. ಅವರ ತಂದೆ ಬಡಗಿ ಕೆಲಸ ಮಾಡುತ್ತಿದ್ದರು. ಹಾಕಿ ಕೋಲು ಕೊಳ್ಳಲು ಹಣವಿಲ್ಲದೆ ಬಾಲಕ ಸುನಿಲ್ ಬಿದಿರಿನ ಕೋಲಿನಿಂದ ಆಟ ಕಲಿತರು. ಅವರು 2012ರ ಲಂಡನ್ ಒಲಿಂಪಿಕ್ಸ್‌ನಲ್ಲೂ 2016ರ ರಿಯೊ ಒಲಿಂಪಿಕ್ಸ್‌ನಲ್ಲೂ ಭಾರತದ ಪರವಾಗಿ ಆಡಿದರು. ಅವರ ಓಟದ ವೇಗಕ್ಕೆ ಎದುರಾಳಿಗಳು ಹೆದರುತ್ತಿದ್ದರು.

ಎಂ.ಪಿ. ಗಣೇಶ್ ಎಂಬ ಇನ್ನೊಬ್ಬರು ಕೊಡಗಿನವರು. ಅವರು ಮೊದಲು ಫುಟ್‌ಬಾಲ್ ಆಡುತ್ತಿದ್ದರು. ಸೈನ್ಯಕ್ಕೆ ಸೇರಿದ ಮೇಲೆ ಹಾಕಿ ಹಿಡಿದರು. 1973ರ ವಿಶ್ವಕಪ್‌ನಲ್ಲಿ ಅವರೇ ಭಾರತದ ನಾಯಕರು. ಆ ವರ್ಷ ಭಾರತಕ್ಕೆ ಎರಡನೆಯ ಸ್ಥಾನ ಬಂತು. ಎಂ.ಎಂ. ಸೋಮಯ್ಯ ಅವರು 1980ರ ಮಾಸ್ಕೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದವರು. ಇಂಥ ಹೆಸರುಗಳನ್ನು ಇನ್ನೂ ಹೇಳಬಹುದು. ಆದರೆ ಇವತ್ತು ನಾನು ಹೇಳಬೇಕಾದ್ದು ದೊಡ್ಡ ಆಟಗಾರರ ಕತೆಯಲ್ಲ. ಅವರ ಬಗ್ಗೆ ಪತ್ರಿಕೆಗಳು ಬರೆದಿವೆ. ನಾನು ಹೇಳುವುದು ಯಾರೂ ಬರೆಯದ ಆಟಗಾರರ ವಿಷಯ.

ಕೊಡವರಲ್ಲಿ ಒಂದೊಂದು ಮನೆತನಕ್ಕೂ ಒಂದೊಂದು ಹೆಸರಿದೆ. ಒಬ್ಬನೇ ಹಿರಿಯನಿಂದ ಬಂದ ಎಲ್ಲ ಕುಟುಂಬಗಳೂ ಸೇರಿ ಒಂದು ಮನೆತನ. ಅದನ್ನು ಅವರು 'ಒಕ್ಕ' ಎನ್ನುತ್ತಾರೆ. ಒಂದೇ ಒಕ್ಕದವರು ಈಗ ಒಂದೇ ಮನೆಯಲ್ಲಿಲ್ಲ. ಒಬ್ಬರು ಬೆಂಗಳೂರಿನಲ್ಲಿ, ಒಬ್ಬರು ಸೈನ್ಯದಲ್ಲಿ, ಒಬ್ಬರು ಹೊರದೇಶದಲ್ಲಿ. ವರ್ಷಗಟ್ಟಲೆ ಮುಖ ನೋಡದವರೂ ಇದ್ದಾರೆ. ಆಸ್ತಿಯ ಜಗಳದಿಂದ ಮಾತು ಬಿಟ್ಟವರೂ ಇದ್ದಾರೆ. ಯಾವ ಊರಿನಲ್ಲಿ ಇಂಥದು ಇಲ್ಲ ಹೇಳಿ?

ಪಾಂಡಂಡ ಕುಟ್ಟಪ್ಪ ಎಂಬ ಹಿರಿಯರು ಬ್ಯಾಂಕಿನ ಕೆಲಸದಿಂದ ನಿವೃತ್ತರಾಗಿದ್ದರು. ದೂರ ದೂರವಾದ ಈ ಕುಟುಂಬಗಳನ್ನು ಒಂದು ಕಡೆ ಸೇರಿಸುವುದು ಹೇಗೆ ಎಂದು ಅವರು ಯೋಚಿಸಿದರು. ಸಭೆ ಕರೆದು ಭಾಷಣ ಮಾಡಿದರೆ ಯಾರು ಬರುತ್ತಾರೆ? ಕುಟ್ಟಪ್ಪನವರು ಭಾಷಣ ಬಿಟ್ಟು ಹಾಕಿ ಪಂದ್ಯ ಏರ್ಪಡಿಸಿದರು. 1997ರಲ್ಲಿ ಕರಡ ಎಂಬ ಹಳ್ಳಿಯಲ್ಲಿ ಮೊದಲ ಪಂದ್ಯಾವಳಿ ನಡೆಯಿತು. ನಿಯಮ ಸರಳವಾಗಿತ್ತು. ಒಂದು ತಂಡದಲ್ಲಿ ಆಡುವವರೆಲ್ಲ ಒಂದೇ ಮನೆತನದವರಾಗಿರಬೇಕು. ಆ ವರ್ಷ 60 ಮನೆತನಗಳ ತಂಡಗಳು ಬಂದವು.

ಈಗ ಸ್ವಲ್ಪ ಯೋಚಿಸಿ. ನಿಮ್ಮ ಮನೆತನದವರೇ ಸೇರಿ ಹನ್ನೊಂದು ಮಂದಿಯ ತಂಡ ಮಾಡಬೇಕು. ಯಾರನ್ನು ಸೇರಿಸುವಿರಿ? ಅಣ್ಣ ಚೆನ್ನಾಗಿ ಓಡುತ್ತಾನೆ, ಸರಿ. ಚಿಕ್ಕಪ್ಪ ಹಿಂದೆ ಆಡಿದ್ದಾರೆ, ಸರಿ. ದೊಡ್ಡಪ್ಪನ ಮಗ ಇದ್ದಾನೆ. ಮೂವರಾದರು. ಇನ್ನು ಎಂಟು ಮಂದಿ ಬೇಕು! ಆಗ ನೀವು ಅಕ್ಕನನ್ನು ಕರೆಯುತ್ತೀರಿ. ಅತ್ತೆಯನ್ನು ಕರೆಯುತ್ತೀರಿ. ಐದನೆಯ ತರಗತಿಯ ತಮ್ಮನನ್ನು ಕರೆಯುತ್ತೀರಿ. ತಾತನಿಗೆ ಮಂಡಿ ನೋವಿದ್ದರೂ "ನೀವು ಹಿಂದೆ ನಿಂತರೆ ಸಾಕು" ಎಂದು ಕೇಳಿಕೊಳ್ಳುತ್ತೀರಿ.

ಕೊಡಗಿನಲ್ಲಿ ನಡೆದದ್ದೂ ಇದೇ. ತಾತನೂ ಮೊಮ್ಮಗನೂ ಒಂದೇ ತಂಡದಲ್ಲಿ ಆಡಿದರು. ಗಂಡಸರ ಜೊತೆಯಲ್ಲಿ ಹೆಂಗಸರೂ ಆಡಿದರು. ಒಲಿಂಪಿಕ್ಸ್‌ನಲ್ಲಿ ಆಡಿ ಬಂದವರು ಒಂದು ಕಡೆ, ಜೀವನದಲ್ಲಿ ಮೊದಲ ಸಲ ಕೋಲು ಹಿಡಿದ ಹುಡುಗಿ ಇನ್ನೊಂದು ಕಡೆ, ಇಬ್ಬರೂ ಒಂದೇ ಬಯಲಿನಲ್ಲಿ. ಇದನ್ನು ಅವರು ಪಂದ್ಯಾವಳಿ ಎಂದು ಕರೆಯಲಿಲ್ಲ. ಹಾಕಿ ಹಬ್ಬ ಎಂದು ಕರೆದರು. ಹೆಸರು ಸರಿಯಾಗಿದೆ ಅಲ್ಲವೇ? ಹಬ್ಬಕ್ಕೆ ಯಾರನ್ನಾದರೂ ಆರಿಸಿ ಕರೆಯುತ್ತೇವೆಯೇ?

ಆಮೇಲೆ ಪ್ರತಿ ಸಲವೂ ಒಂದೊಂದು ಮನೆತನ ಈ ಹಬ್ಬದ ಹೊಣೆ ಹೊತ್ತಿತು. ಬಯಲು ಸಮ ಮಾಡಿಸುವುದು, ಬಂದವರಿಗೆ ಊಟ, ನೀರು, ನೆರಳು, ಎಲ್ಲವೂ ಆ ಮನೆತನದ ಜವಾಬ್ದಾರಿ. ಕಪ್ಪಿಗೂ ಅದೇ ಮನೆತನದ ಹೆಸರು. ಏಪ್ರಿಲ್ ಬಂತೆಂದರೆ ದೂರದ ಊರುಗಳಲ್ಲಿ ಕೆಲಸದಲ್ಲಿರುವವರು ರಜೆ ಹಾಕಿ ಊರಿಗೆ ಬರತೊಡಗಿದರು. ತಂಡಗಳ ಸಂಖ್ಯೆ ಏರುತ್ತ ಹೋಯಿತು. ಕೋವಿಡ್ ಕಾಯಿಲೆಯ ಕಾಲದಲ್ಲಿ ಹಬ್ಬ ನಿಂತಿತು. 2023ರಲ್ಲಿ ನಾಪೋಕ್ಲು ಎಂಬ ಊರಿನಲ್ಲಿ ಮತ್ತೆ ನಡೆಯಿತು. 2024ರಲ್ಲಿ ಅದೇ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಮನೆತನದವರು ನಡೆಸಿದ ಹಬ್ಬಕ್ಕೆ 360 ತಂಡಗಳು ಬಂದವು. ಜಗತ್ತಿನ ಅತಿ ದೊಡ್ಡ ಹಾಕಿ ಪಂದ್ಯಾವಳಿ ಎಂದು ಅದು ಗಿನ್ನೆಸ್ ದಾಖಲೆ ಪುಸ್ತಕಕ್ಕೆ ಸೇರಿತು. 2025ರಲ್ಲಿ ಮುದ್ದಂಡ ಮನೆತನದವರು ಮಡಿಕೇರಿಯಲ್ಲಿ ನಡೆಸಿದಾಗ 396 ತಂಡಗಳಾದವು.

ಇಲ್ಲಿ ಒಂದು ಲೆಕ್ಕ ಮಾಡೋಣ. ಸ್ಲೇಟು ಬೇಡ, ಬಾಯಿಲೆಕ್ಕ ಸಾಕು. 360 ತಂಡಗಳಿವೆ. ಸೋತ ತಂಡ ಹೊರಗೆ, ಗೆದ್ದ ತಂಡ ಮುಂದಿನ ಸುತ್ತಿಗೆ. ಕೊನೆಗೆ ಒಂದೇ ತಂಡ ಉಳಿಯಬೇಕು. ಹಾಗಾದರೆ ಒಟ್ಟು ಎಷ್ಟು ಪಂದ್ಯ ಆಡಬೇಕು? ಸುತ್ತು ಸುತ್ತಾಗಿ ಎಣಿಸುತ್ತ ಕುಳಿತರೆ ತಲೆ ತಿರುಗುತ್ತದೆ. ಬೇರೆ ರೀತಿ ನೋಡಿ. ಪ್ರತಿ ಪಂದ್ಯದಲ್ಲೂ ಒಂದು ತಂಡ ಸೋತು ಹೊರಗೆ ಹೋಗುತ್ತದೆ. ಒಂದು ತಂಡ ಉಳಿಯಬೇಕಾದರೆ 359 ತಂಡಗಳು ಸೋಲಬೇಕು. ಆದ್ದರಿಂದ 359 ಪಂದ್ಯಗಳು. ಎಷ್ಟು ಸುಲಭವಾಯಿತು ನೋಡಿ!

ನನಗೆ ಈ ಲೆಕ್ಕದಲ್ಲಿ ಇಷ್ಟವಾಗುವುದು ಅದರ ಸುಲಭವಲ್ಲ. 359 ತಂಡಗಳು ಸೋತವು ಎಂಬುದೇ ನನಗೆ ಇಷ್ಟ. ಆಶ್ಚರ್ಯವಾಯಿತೇ? ಗಿನ್ನೆಸ್ ಪುಸ್ತಕಕ್ಕೆ ಸೇರಿದ ಸಂಖ್ಯೆ 360. ಅದರಲ್ಲಿ ಕಪ್ಪು ಗೆದ್ದ ಮನೆತನವೂ ಒಂದೇ, ಮೊದಲ ದಿನವೇ ಸೋತು ಮನೆಗೆ ಹೋದ ಮನೆತನವೂ ಒಂದೇ. ಗೆದ್ದವರಿಗೆ ಎರಡು ಅಂಕ, ಸೋತವರಿಗೆ ಸೊನ್ನೆ ಎಂದು ಅಲ್ಲಿ ಎಣಿಸಲಿಲ್ಲ. ಒಂದೊಂದು ತಂಡಕ್ಕೆ ಹನ್ನೊಂದು ಮಂದಿಯೆಂದರೂ 360 ತಂಡಗಳಿಗೆ 3960 ಮಂದಿಯಾಯಿತು. ಅವರಲ್ಲಿ ಬಹಳ ಮಂದಿ ಚೆನ್ನಾಗಿ ಆಡುವವರಲ್ಲ. ಗೋಡೆಯ ಹತ್ತಿರ ನಿಂತವರನ್ನು ಎಣಿಸದೆ ಹೋಗಿದ್ದರೆ ಆ ದಾಖಲೆಯೇ ಇರುತ್ತಿರಲಿಲ್ಲ.

ಇದಕ್ಕೆ ನೀವು ಒಂದು ಪ್ರಶ್ನೆ ಕೇಳಬಹುದು. "ಎಲ್ಲರನ್ನೂ ಸೇರಿಸಿಕೊಂಡರೆ ಸೋಲುವುದಿಲ್ಲವೇ? ಭಾರತ ತಂಡಕ್ಕೆ ಎಲ್ಲರನ್ನೂ ಸೇರಿಸುತ್ತಾರೆಯೇ?" ಒಳ್ಳೆಯ ಪ್ರಶ್ನೆ. ಭಾರತ ತಂಡಕ್ಕೆ ಆರಿಸಲೇಬೇಕು. ಒಲಿಂಪಿಕ್ಸ್‌ಗೆ ತಾತನನ್ನು ಕಳಿಸಲಾಗದು. ಆದರೆ ಆರಿಸುವುದಕ್ಕೆ ಮೊದಲು ಆಡುವವರು ಇರಬೇಕಲ್ಲ? ಎಂಟು ವರ್ಷದ ಮಗುವನ್ನು ನೋಡಿ ಇವನು ಮುಂದೆ ಒಳ್ಳೆಯ ಆಟಗಾರನಾಗುತ್ತಾನೆ, ಇವಳು ಆಗುವುದಿಲ್ಲ ಎಂದು ಯಾರು ಹೇಳಬಲ್ಲರು? ಕೊಡಗಿನಲ್ಲಿ ಸರಕಾರದ ಕ್ರೀಡಾ ಶಾಲೆಗಳೂ ಹಾಸ್ಟೆಲುಗಳೂ ಇವೆ. ಕೂಡಿಗೆಯಲ್ಲಿ ಒಂದಿದೆ, ಪೊನ್ನಂಪೇಟೆಯಲ್ಲಿ ಒಂದಿದೆ. ಅಲ್ಲಿ ಮಕ್ಕಳನ್ನು ಆರಿಸಿಯೇ ತೆಗೆದುಕೊಳ್ಳುತ್ತಾರೆ. ಆದರೆ ಅಲ್ಲಿಗೆ ಬರುವ ಮಕ್ಕಳು ಕೋಲು ಹಿಡಿಯಲು ಕಲಿಯುವುದು ಅವರವರ ಊರಿನ ಬಯಲಿನಲ್ಲಿ, ಕೊಯ್ಲಾದ ಗದ್ದೆಯಲ್ಲಿ. ಎಲ್ಲರೂ ಆಡುವ ಕಡೆ ಒಳ್ಳೆಯವರು ತಾವಾಗಿ ಕಾಣುತ್ತಾರೆ. ಮೊದಲೇ ಆರಿಸುವ ಕಡೆ, ಬೇಗ ಎತ್ತರವಾದ ಹುಡುಗರು ಮಾತ್ರ ಕಾಣುತ್ತಾರೆ. ಎತ್ತರವೇ ಆಟವಲ್ಲ.

ಇನ್ನೊಂದು ಮಾತನ್ನೂ ಮರೆಮಾಚಬಾರದು. ಪ್ರೀತಿಯೊಂದರಿಂದಲೇ ತಂಡ ಬೆಳೆಯುವುದಿಲ್ಲ. ಆಡಲು ನೆಲ ಬೇಕು. 1928ರಿಂದ 1972ರವರೆಗೆ ನಡೆದ ಪ್ರತಿಯೊಂದು ಒಲಿಂಪಿಕ್ಸ್‌ನಲ್ಲೂ ಭಾರತದ ಹಾಕಿ ತಂಡ ಒಂದಲ್ಲ ಒಂದು ಪದಕ ತಂದಿತು. 1976ರಲ್ಲಿ ಮಾಂಟ್ರಿಯಲ್ ನಗರದಲ್ಲಿ ಹುಲ್ಲಿನ ಬದಲು ಕೃತಕ ಹಾಸಿನ ಮೇಲೆ ಆಡಿಸಿದರು. ಹಿಂದಿನ ವರ್ಷವಷ್ಟೇ ವಿಶ್ವಕಪ್ ಗೆದ್ದಿದ್ದ ಭಾರತಕ್ಕೆ ಅಲ್ಲಿ ಏಳನೆಯ ಸ್ಥಾನ ಬಂತು. ಆಟಗಾರರು ಒಂದೇ ವರ್ಷದಲ್ಲಿ ಆಟ ಮರೆತರೇ? ಇಲ್ಲ. ಕಾಲಿನ ಕೆಳಗಿನ ನೆಲ ಬದಲಾಗಿತ್ತು. ಹಾಸಿನ ಮೇಲೆ ಚೆಂಡು ವೇಗವಾಗಿ ಓಡುತ್ತದೆ. ಅಂಥ ಹಾಸು ನಮ್ಮ ದೇಶದ ಊರುಗಳಲ್ಲಿ ಇರಲಿಲ್ಲ. 1980ರಲ್ಲಿ ಚಿನ್ನ ಬಂದ ಮೇಲೆ ಮುಂದಿನ ಪದಕಕ್ಕೆ 41 ವರ್ಷ ಕಾಯಬೇಕಾಯಿತು. 2021ರಲ್ಲಿ ಟೋಕಿಯೊದಲ್ಲಿ ಕಂಚು, 2024ರಲ್ಲಿ ಪ್ಯಾರಿಸ್‌ನಲ್ಲಿ ಮತ್ತೆ ಕಂಚು.

ನೆಲದ ಮಾತು ಬಂದಾಗ ಲಡಾಖಿನ ನೆನಪಾಗುತ್ತದೆ. ಏಕೆಂದರೆ ಅಲ್ಲಿನ ಮಕ್ಕಳು ಆಡುವ ನೆಲ ವರ್ಷದಲ್ಲಿ ಎರಡು ತಿಂಗಳು ಮಾತ್ರ ಇರುತ್ತದೆ. ಉಳಿದ ಹತ್ತು ತಿಂಗಳು ಅದು ನೀರು!

ಇದೇನು ಒಗಟು ಎಂದಿರಾ? ಲಡಾಖಿನ ಮುಖ್ಯ ಪಟ್ಟಣ ಲೇಹ್. ಸಮುದ್ರಮಟ್ಟದಿಂದ ಅದರ ಎತ್ತರ ಸುಮಾರು 3500 ಮೀಟರ್. ನಮ್ಮಲ್ಲಿ ಸಂಕ್ರಾಂತಿಗೆ ಕೊಂಚ ಚಳಿಯಾದರೆ ಕಂಬಳಿ ಹೊದ್ದುಕೊಳ್ಳುತ್ತೇವೆ. ಅಲ್ಲಿ ಆ ಕಾಲದಲ್ಲಿ ಕೆರೆಯ ನೀರು ಕಲ್ಲಿನಂತೆ ಗಟ್ಟಿಯಾಗುತ್ತದೆ. ಆ ಮಂಜುಗಡ್ಡೆಯ ಮೇಲೆ ಅವರು ಒಂದು ಬಗೆಯ ಹಾಕಿ ಆಡುತ್ತಾರೆ. ಅದೇ ಐಸ್ ಹಾಕಿ. ಕಾಲಿಗೆ ಉಕ್ಕಿನ ಪಟ್ಟಿ ಇರುವ ಬೂಟು ಹಾಕಿಕೊಂಡು ಜಾರುತ್ತ ಓಡಬೇಕು. ಚೆಂಡಿನ ಬದಲು ರಬ್ಬರಿನ ಬಿಲ್ಲೆ ಇರುತ್ತದೆ. ಅದು ನಿಮ್ಮ ಅಂಗೈಯಷ್ಟು ಅಗಲ. ಒಂದು ಸಲಕ್ಕೆ ಒಂದು ತಂಡದಿಂದ ಆರು ಮಂದಿ ಆಡುತ್ತಾರೆ. ಉಳಿದವರು ಪಕ್ಕದ ಬೆಂಚಿನಲ್ಲಿ ಕುಳಿತಿದ್ದು, ಆಡುವವರಿಗೆ ದಣಿವಾದ ಕೂಡಲೇ ಬದಲಾಗಿ ಇಳಿಯುತ್ತಾರೆ. ಬೆಂಚಿನಲ್ಲಿ ಕುಳಿತವರಿಲ್ಲದೆ ಆ ಆಟ ನಡೆಯುವುದೇ ಇಲ್ಲ. ನಮ್ಮ ಗೋಡೆಯ ಹತ್ತಿರದವರಿಗೆ ಈ ಆಟ ತೋರಿಸಬೇಕು ಎನಿಸುತ್ತದೆ.

ಅಲ್ಲಿನ ಮಂಜಿನ ಬಯಲು ತಾನಾಗಿ ಸಿದ್ಧವಾಗುವುದಿಲ್ಲ. ಹಿಮ ಬಿದ್ದರೆ ಗುಡಿಸಬೇಕು. ಆಡಿ ಆಡಿ ಗೀರು ಬಿದ್ದ ಮೇಲ್ಮೈಗೆ ರಾತ್ರಿ ನೀರು ಹಾಕಬೇಕು. ಬೆಳಗಾಗುವುದರೊಳಗೆ ಆ ನೀರು ಹೆಪ್ಪುಗಟ್ಟಿ ಕನ್ನಡಿಯ ಹಾಗೆ ನುಣುಪಾಗುತ್ತದೆ. ಕೊರೆಯುವ ಚಳಿಯ ರಾತ್ರಿಯಲ್ಲಿ ಬಕೆಟು ಹಿಡಿದು ನೀರು ಹಾಕುವವರನ್ನು ಊಹಿಸಿಕೊಳ್ಳಿ. ಮರುದಿನದ ಪಂದ್ಯದಲ್ಲಿ ಗೋಲು ಹೊಡೆದವರ ಹೆಸರನ್ನು ಎಲ್ಲರೂ ಕೂಗುತ್ತಾರೆ. ನೀರು ಹಾಕಿದವರ ಹೆಸರನ್ನು ಯಾರು ಕೂಗುತ್ತಾರೆ?

ಲಡಾಖಿನಲ್ಲಿ ಈ ಆಟ ಆರಂಭವಾದಾಗ ಸರಿಯಾದ ಬೂಟುಗಳೂ ಸಿಗುತ್ತಿರಲಿಲ್ಲ. ಸೈನಿಕರ ಹಳೆಯ ಬೂಟಿಗೆ ಲೋಹದ ಪಟ್ಟಿ ಜೋಡಿಸಿಕೊಂಡು ಜಾರಿದವರಿದ್ದಾರೆ. ಮೊದಮೊದಲು ಆಡುತ್ತಿದ್ದವರು ಹುಡುಗರು, ಗಂಡಸರು. ಹುಡುಗಿಯರು ದಡದಲ್ಲಿ ನಿಂತು ನೋಡುತ್ತಿದ್ದರು. ದಡದಲ್ಲಿ ನಿಂತವರೂ ಒಂದು ದಿನ ಬೂಟು ಕಟ್ಟಿಕೊಂಡರು. 2016ರಲ್ಲಿ ಭಾರತದ ಮಹಿಳೆಯರ ಐಸ್ ಹಾಕಿ ತಂಡ ಮೊದಲ ಬಾರಿಗೆ ಹೊರದೇಶದ ಪಂದ್ಯಾವಳಿಗೆ ಹೊರಟಿತು. ಆ ತಂಡದಲ್ಲಿ ಬಹಳ ಮಂದಿ ಲಡಾಖಿನವರು. ತೈವಾನಿಗೆ ಹೋಗಲು ಹಣವಿರಲಿಲ್ಲ. ಜನರಿಂದ ಚಿಕ್ಕ ಚಿಕ್ಕ ಮೊತ್ತ ಕೂಡಿಸಿ ಹೋದರು. ಅಲ್ಲಿ ಆಡಿದ ಪಂದ್ಯಗಳನ್ನೆಲ್ಲ ಸೋತರು. ಮರುವರ್ಷ, ಅಂದರೆ 2017ರಲ್ಲಿ, ಬ್ಯಾಂಕಾಕ್‌ನಲ್ಲಿ ಫಿಲಿಪ್ಪೀನ್ಸ್ ತಂಡವನ್ನು 4-3 ಗೋಲುಗಳಿಂದ ಸೋಲಿಸಿದರು. ಅದು ಅವರ ಮೊದಲ ಗೆಲುವು. 2025ರಲ್ಲಿ ಏಷ್ಯಾ ಕಪ್‌ನಲ್ಲಿ ಕಂಚಿನ ಪದಕ ಪಡೆದರು. ಅಷ್ಟು ಹೊತ್ತಿಗೆ ಲೇಹ್‌ನಲ್ಲಿ ಯಂತ್ರದಿಂದ ಮಂಜು ಕಟ್ಟುವ ಬಯಲೂ ಸಿದ್ಧವಾಗಿತ್ತು.

2016ರಲ್ಲಿ ಸೋತು ಬಂದಾಗ "ಇವರು ಗೆಲ್ಲುವುದಿಲ್ಲ, ಬೇರೆಯವರನ್ನು ಆರಿಸಿ" ಎಂದು ತಂಡವನ್ನೇ ಬಿಟ್ಟುಬಿಟ್ಟಿದ್ದರೆ 2017 ಎಲ್ಲಿಂದ ಬರುತ್ತಿತ್ತು?

ಈಗ ನಾರಾಯಣಖೇಡಿಗೆ ವಾಪಸು ಬರೋಣ. ನಾವು ಮಂಜುಗಡ್ಡೆಯ ಮೇಲೆ ಆಡಲಾಗದು. ನಮ್ಮ ಮಂಜೀರಾ ನದಿ ಬೇಸಿಗೆಯಲ್ಲಿ ಒಣಗೀತೇ ಹೊರತು ಹೆಪ್ಪುಗಟ್ಟುವುದಿಲ್ಲ! ಕೊಡಗಿನವರಂತೆ ಮನೆತನದ ತಂಡ ಕಟ್ಟಬೇಕೆಂದೂ ನಾನು ಹೇಳುವುದಿಲ್ಲ. ಅದು ಒಂದು ಸಮುದಾಯದ ಹಬ್ಬ. ಅವರ ಪದ್ಧತಿ ಅವರಿಗೆ ಚೆಂದ. ನಮ್ಮಲ್ಲಿ ಒಂದೇ ಬೆಂಚಿನ ಮೇಲೆ ಹಲವು ಮನೆಗಳ, ಹಲವು ಜಾತಿಗಳ ಮಕ್ಕಳು ಕೂರುತ್ತಾರೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಗೆಳೆಯರೊಡನೆ ಉರ್ದು, ಕೆಲವರ ಅಜ್ಜಿ ಮರಾಠಿಯಲ್ಲಿ ಬಯ್ಯುತ್ತಾರೆ. ಆದ್ದರಿಂದ ನಮಗೆ ಶಾಲೆಯೇ ಒಕ್ಕ. ಶಾಲೆಯ ಹೆಸರೇ ಮನೆತನದ ಹೆಸರು. ಬಯಲಿಗೆ ಇಳಿದ ಮೇಲೆ "ಪಾಸ್ ಕೊಡು" ಎಂದು ಯಾವ ಭಾಷೆಯಲ್ಲಿ ಕೂಗಿದರೂ ಎಲ್ಲರಿಗೂ ತಿಳಿಯುತ್ತದೆ.

ಆಟ ಹಾಕಿಯೇ ಆಗಬೇಕೆಂದಿಲ್ಲ. ಕೋಲು ಕೊಳ್ಳಲು ದುಡ್ಡಿಲ್ಲದಿದ್ದರೆ ಕಬಡ್ಡಿ ಇದೆ. ಅದಕ್ಕೆ ಒಂದು ಕಡೆಗೆ ಏಳು ಮಂದಿ ಸಾಕು. ಖೊಖೊ ಇದೆ. ಅದಕ್ಕೆ ಒಂಬತ್ತು ಮಂದಿ. ಎರಡಕ್ಕೂ ಒಂದು ಸುಣ್ಣದ ಗೆರೆಗಿಂತ ಹೆಚ್ಚು ಖರ್ಚಿಲ್ಲ. ಮಳೆಗಾಲದಲ್ಲಿ ನಮ್ಮ ಕಪ್ಪು ನೆಲ ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ನಡುವೆ ದಸರೆಯಿಂದ ಶಿವರಾತ್ರಿಯವರೆಗೆ ಒಳ್ಳೆಯ ಕಾಲ. ಲಡಾಖಿನವರಿಗೆ ಎರಡು ತಿಂಗಳು ಸಾಕಾದರೆ ನಮಗೆ ಆ ನಾಲ್ಕು ತಿಂಗಳು ಸಾಲದೇ?

ನಾನು ಕೇಳುವುದು ಒಂದೇ. ತಂಡ ಮಾಡುವಾಗ ಹೆಸರು ಕರೆಯುವುದನ್ನು ಗೋಡೆಯ ಕಡೆಯಿಂದ ಶುರುಮಾಡಿ. ಒಂದು ತಿಂಗಳು ಮಾಡಿ ನೋಡಿ. ಚಿಕ್ಕವನು ಕಬಡ್ಡಿಯಲ್ಲಿ ಕೈಗೆ ಸಿಗದೆ ನುಸುಳಬಹುದು. ಬಿಂದಿಗೆ ಹೊತ್ತು ದಿನವೂ ನಡೆಯುವ ಹುಡುಗಿಯ ಕಾಲಿನಲ್ಲಿ ನಿಮಗೆ ಗೊತ್ತಿಲ್ಲದ ಬಲವಿರಬಹುದು. ಕಾಲು ನೋಯುವವನು ಅಂಕ ಬರೆಯಲಿ, ಸೀಟಿ ಊದಲಿ. ಪಂದ್ಯಕ್ಕೆ ತೀರ್ಪುಗಾರ ಬೇಡವೇ? ಸೋಲು ಬಂದರೆ ಬರಲಿ. ಈ ಮಾತು ನಿಮ್ಮಲ್ಲಿ ಕೆಲವರಿಗೆ ರುಚಿಸುವುದಿಲ್ಲ ಎಂದು ಬಲ್ಲೆ. ಮೊದಲು ಹೆಸರು ಬರುವವರಿಗೆ ಅಂತೂ ರುಚಿಸುವುದೇ ಇಲ್ಲ.

ಇನ್ನೊಂದು ಕೆಲಸವಿದೆ. ನಿಮ್ಮ ತಂಡದ ಚರಿತ್ರೆ ಬರೆಯಿರಿ. ಚರಿತ್ರೆ ಎಂದರೆ ರಾಜರದು ಮಾತ್ರ ಎಂದುಕೊಳ್ಳಬೇಡಿ. ನಮ್ಮ ಊರನ್ನೇ ನೋಡಿ. 1956ಕ್ಕೆ ಮೊದಲು ನಾರಾಯಣಖೇಡ್ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲಿತ್ತು. 1956ರಲ್ಲಿ ಆಂಧ್ರಪ್ರದೇಶಕ್ಕೆ ಸೇರಿ ಮೇದಕ್ ಜಿಲ್ಲೆಗೆ ಬಂತು. 2014ರಲ್ಲಿ ರಾಜ್ಯದ ಹೆಸರು ತೆಲಂಗಾಣ ಆಯಿತು. 2016ರಲ್ಲಿ ಜಿಲ್ಲೆಯ ಹೆಸರು ಸಂಗಾರೆಡ್ಡಿ ಆಯಿತು. ಊರು ನಿಂತಲ್ಲೇ ನಿಂತಿದೆ, ವಿಳಾಸ ಮಾತ್ರ ಮೂರು ಸಲ ಬದಲಾಗಿದೆ. ಈ ಎಲ್ಲ ಕಾಲದಲ್ಲೂ ನಿಮ್ಮ ತಾತ, ಅಪ್ಪ, ಅಕ್ಕ ಬಯಲಿನಲ್ಲಿ ಆಡಿಯೇ ಇದ್ದಾರೆ. ಅವರ ತಂಡದಲ್ಲಿ ಯಾರಿದ್ದರು? ಯಾವ ಊರಿಗೆ ಎತ್ತಿನ ಬಂಡಿಯಲ್ಲಿ ಹೋಗಿ ಆಡಿದರು? ಯಾರೂ ಬರೆದಿಡಲಿಲ್ಲ. ಜಿಲ್ಲೆಗಳ ಹೆಸರು ಸರಕಾರದ ಕಾಗದದಲ್ಲಿ ಸಿಗುತ್ತದೆ. ನಿಮ್ಮ ತಾತನ ಕಬಡ್ಡಿ ತಂಡದ ಹೆಸರುಗಳು ತಾತನ ನೆನಪಿನಲ್ಲಿ ಮಾತ್ರ ಇವೆ. ಇವತ್ತು ಸಂಜೆಯೇ ಕೇಳಿ.

ಒಂದು ನೂರು ಪುಟದ ನೋಟುಪುಸ್ತಕ ಸಾಕು. ಮೊದಲ ಪುಟದಲ್ಲಿ ಶಾಲೆಯ ಹೆಸರು, ಊರು, ವರ್ಷ. ಆಮೇಲೆ ಒಂದೊಂದು ಪಂದ್ಯಕ್ಕೆ ಒಂದೊಂದು ಪುಟ. ತಾರೀಖು, ಎದುರಾಳಿ, ಅಂಕಗಳು. ಆಡಿದವರ ಹೆಸರು ಪೂರ್ತಿ ಬರೆಯಿರಿ. ಬದಲಿಗೆ ಕುಳಿತವರ ಹೆಸರು, ಗೆರೆ ಎಳೆದವರ ಹೆಸರು, ನೀರು ತಂದವರ ಹೆಸರೂ ಅದೇ ಪುಟದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ ಇರಲಿ. ಸೋತ ಪಂದ್ಯದ ಪುಟವನ್ನು ಹರಿಯಬೇಡಿ. ತಾತ ಹೇಳಿದ ಹಳೆಯ ತಂಡಕ್ಕೆ ಹಿಂದಿನ ಪುಟಗಳನ್ನು ಬಿಡಿ. ಐದನೆಯ ತರಗತಿ ಮುಗಿಸಿ ನೀವು ಬೇರೆ ಶಾಲೆಗೆ ಹೋಗುವ ದಿನ ಆ ಪುಸ್ತಕವನ್ನು ಚೀಲಕ್ಕೆ ಹಾಕಿಕೊಳ್ಳಬೇಡಿ. ನಾಲ್ಕನೆಯ ತರಗತಿಯವರ ಕೈಗೆ ಕೊಟ್ಟು ಹೋಗಿ. ಗೆದ್ದಲು ಹತ್ತದ ಕಡೆ ಇಡಲು ಅವರಿಗೆ ಹೇಳಿ.